ಮೊಲಕ್ಕೆ ಏಕಾದಶಿ ಇಲ್ಲ

ನಮ್ಮ ಮನೆಗೆ ಮೊಲ ಇಳಿದು ಬಂದದ್ದು ಮಹಡಿಯಿಂದ. ಪರ್ಕಳದಲ್ಲಿ ಮನೆ ಕಟ್ಟಿದವರೆಲ್ಲ ಮೇಲೊಂದು ಮಹಡಿ ಎಬ್ಬಿಸಿ ಮಣಿಪಾಲದಲ್ಲಿ ಓದುವ ಮಕ್ಕಳಿಗೆ ಬಾಡಿಗೆಗೆ ಕೊಡುತ್ತಿದ್ದ ಕಾಲ ಅದು; ನಾವೂ ಎರಡು ಕೋಣೆ ಕೊಟ್ಟಿದ್ದೆವು. ಬೇಸಿಗೆ ರಜೆಗೆ ಊರಿಗೆ ಹೊರಡುವಾಗ ಆ ಹುಡುಗಿಯರು ಏನಾದರೊಂದನ್ನು ನಮ್ಮ ಕುತ್ತಿಗೆಗೆ ಕಟ್ಟಿ ಹೋಗುವುದು ವಾಡಿಕೆಯಾಗಿತ್ತು. ಒಂದು ವರ್ಷ ಕಳ್ಳಿ ಗಿಡಗಳು, ಇನ್ನೊಂದು ವರ್ಷ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು. ಮೀನಿನ ತೊಟ್ಟಿಯನ್ನು ನನ್ನ ಅತ್ತೆ ಒಳಗೆ ಸೇರಿಸಲೇ ಇಲ್ಲ. ಈಜುತ್ತಿದ್ದರೂ ಮೀನು ಮೀನೇ, ನಮ್ಮಂಥವರ ಮನೆಯೊಳಗೆ ಅದಕ್ಕೇನು ಕೆಲಸ ಎಂಬುದು ಅವರ ವಾದ. ಆ ತೊಟ್ಟಿ ರಜೆಯಿಡೀ ಹೊರಜಗಲಿಯಲ್ಲೇ ಕುಳಿತಿತ್ತು. ನಾನು ಆಫೀಸಿಗೆ ಹೊರಡುವ ಮುಂಚೆ ಕಾಳು ಹಾಕಿ ಹೋಗುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ಹೆಚ್ಚು ಕಾಲವಾಗಿರಲಿಲ್ಲ. ಆ ಬೇಸಿಗೆಯಲ್ಲಿ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಎದೆಗೆ ಒತ್ತಿಕೊಂಡ ಬಿಳಿ ಮೊಲದೊಂದಿಗೆ ಮೆಟ್ಟಿಲಿಳಿದು ಬಂದಳು. ಬೂದು ಬಣ್ಣದ ಕಿವಿ, ಸದಾ ಅಲ್ಲಾಡುವ ಮೂಗು.

"ಅಜ್ಜಿ, ರಜಾ ಮುಗಿಯೂ ಮಟ ಇದನ್ನ ಇಟ್ಕೋರಿ. ಬಸ್ಸಿನ್ಯಾಗ ಅಷ್ಟ್ ದೂರ ಒಯ್ದ್ರ ಉಳಿಯೂದಿಲ್ರಿ ಇದು" ಎಂದಳು. ಅವಳ ಕಣ್ಣಲ್ಲಿ ಆಗಲೇ ನೀರು.

ಅತ್ತೆ ಮೊಲವನ್ನು ನೋಡಿದರು, ಹುಡುಗಿಯನ್ನು ನೋಡಿದರು. "ಅದು ಎಂತ ತಿನ್ನುತ್ತದೆ?"

"ಹುಲ್ಲು ತಿಂತದ್ರಿ. ಸೊಪ್ಪು ತಿಂತದ್ರಿ."

"ಬರೀ ಹುಲ್ಲಾ? ಪಾಪ!"

ಮುಂದಿನ ಎಲ್ಲ ಅನಾಹುತಕ್ಕೂ ಮೂಲ ಆ 'ಪಾಪ'. ಆದರೆ ಆಗ ನನಗದು ತಿಳಿಯಲಿಲ್ಲ. ಮೀನಿಗೆ ಬಾಗಿಲು ಮುಚ್ಚಿದ ಅತ್ತೆ ಹುಲ್ಲು ತಿನ್ನುವ ಪ್ರಾಣಿಗೆ ಬಾಗಿಲು ತೆರೆದದ್ದೇ ದೊಡ್ಡದು ಅನಿಸಿತ್ತು. ಹುಡುಗಿಯ ಬೆನ್ನು ಸವರಿ ಅವರು ಹೇಳಿದ್ದು ನನಗೆ ನೆನಪಿದೆ: "ನಂಬಿ ಕೊಟ್ಟದ್ದನ್ನು ಹೇಗೆ ಕೊಟ್ಟಿದ್ದೀಯೋ ಹಾಗೇ ನಿನ್ನ ಕೈಗೆ ಕೊಡುತ್ತೇನೆ. ನನ್ನ ಮಾತು ಉಂಟು. ನೀನು ಸಮಾಧಾನದಲ್ಲಿ ಹೋಗಿ ಬಾ." ಅತ್ತೆಯ ಮಾತೆಂದರೆ ಮಾತು. ಮದುವೆಯಾಗಿ ಆ ಮನೆಗೆ ಬಂದ ಮೇಲೆ ನಾನು ಅವರ ಜೊತೆ ಲೆಕ್ಕವಿಲ್ಲದಷ್ಟು ಜಗಳವಾಡಿದ್ದೇನೆ, ಆದರೆ ಅವರು ಕೊಟ್ಟ ಮಾತಿಗೆ ತಪ್ಪಿದ್ದನ್ನು ಕಂಡಿಲ್ಲ.

ಮನೆಯಲ್ಲಿ ನಮ್ಮದು ತುಳು. ಬಾಡಿಗೆಯ ಹುಡುಗಿಯರ ಜೊತೆ ಕನ್ನಡ. ಅತ್ತೆ ಮೊಲದ ಜೊತೆಯೂ ಕನ್ನಡದಲ್ಲೇ ಮಾತಾಡತೊಡಗಿದರು. "ಬಾಗಲಕೋಟೆಯವರ ಮೊಲ, ಅದಕ್ಕೆ ತುಳು ಎಲ್ಲಿಂದ ಬರಬೇಕು?" ಎಂದು ಕೇಳಿದರು. ಆ ಮೊಲವನ್ನು ಹುಡುಗಿ ಕೊಂಡದ್ದು ಉಡುಪಿಯ ಪೇಟೆಯಲ್ಲಿ ಎಂದು ನನ್ನ ಗಂಡ ಹೇಳಿ ನೋಡಿದರು. ಪ್ರಯೋಜನವಾಗಲಿಲ್ಲ.

ಅತ್ತೆಗೆ ಪ್ರೀತಿ ಎಂದರೆ ಬಡಿಸುವುದು. ಹಾಲಿನವನಿಗೆ ಕಾಫಿ, ಪೋಸ್ಟ್‌ಮ್ಯಾನ್‌ಗೆ ಮಜ್ಜಿಗೆ, ಗಾರೆ ಕೆಲಸಕ್ಕೆ ಬಂದವರಿಗೆ ದೋಸೆ. ನಮ್ಮ ಹೊಸ್ತಿಲು ದಾಟಿ ಯಾರೂ ಬರಿಹೊಟ್ಟೆಯಲ್ಲಿ ಹೋದದ್ದಿಲ್ಲ. ಮಧ್ಯಾಹ್ನ ಅವರು ಹಿಂದಿನ ಜಗಲಿಯಲ್ಲಿ ಮಣೆ ಹಾಕಿಕೊಂಡು ಬಾಳೆ ಎಲೆಯ ಮುಂದೆ ಕುಳಿತರೆ ಮೊಲ ಕುಪ್ಪಳಿಸುತ್ತಾ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಅತ್ತೆ ಎಲೆಯ ತುದಿ ಹರಿದು ಅದಕ್ಕೂ ಒಂದು ಪುಟ್ಟ ಎಲೆ ಹಾಕುತ್ತಿದ್ದರು. ಮೊದಲ ದಿನ ಸೌತೆಕಾಯಿ. ಆಮೇಲೆ ಬಾಳೆಹಣ್ಣು. ಆಮೇಲೆ ನೆನೆಸಿದ ಅವಲಕ್ಕಿ, ಅನ್ನ, ಬೆಲ್ಲ ಹಾಕಿದ ತೆಂಗಿನ ತುರಿ. ಸಂಜೆ ಕಾಫಿಯ ಹೊತ್ತಿಗೆ ಬಿಸ್ಕೆಟು. ಒಂದು ದಿನ ಆಫೀಸಿನಿಂದ ಬಂದು ನೋಡುತ್ತೇನೆ, ಮೊಲ ಎಣ್ಣೆಯಲ್ಲಿ ಕರಿದ ಗೋಳಿಬಜೆ ಮೂಸುತ್ತಿದೆ.

"ಅತ್ತೆ, ಅದು ಹುಲ್ಲು ತಿನ್ನುವ ಪ್ರಾಣಿ" ಎಂದೆ.

"ದನವೂ ಹುಲ್ಲೇ ತಿನ್ನುವುದು. ಕಾರ್ಕಳದಲ್ಲಿ ನಿಮ್ಮ ಮನೆಯಲ್ಲಿ ದನಕ್ಕೆ ಅನ್ನದ ಗಂಜಿ ಕೊಡುವುದಿಲ್ಲವಾ?"

ಕಾರ್ಕಳ ನನ್ನ ತವರು. ತವರನ್ನು ಎಳೆದು ತಂದರೆ ನನಗೆ ಸಿಟ್ಟು ಬರುತ್ತದೆಂದು ಅತ್ತೆಗೆ ಗೊತ್ತು, ಅದಕ್ಕೇ ಎಳೆದು ತರುತ್ತಿದ್ದರು. "ದನ ಬೇರೆ, ಮೊಲ ಬೇರೆ" ಎಂದು ನಾನು ಗುಡುಗಿದೆ. ಹೇಗೆ ಬೇರೆ ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತಾರಲ್ಲ, ನಾಲ್ಕು ಕಾಲಿನ ಮೊಲ ಕಣ್ಣೆದುರು ಕುಣಿಯುತ್ತಿದ್ದ ನಮ್ಮ ಮನೆಯಲ್ಲೂ ಅದೇ ನಡೆದಿತ್ತು. ಮೊಲವಂತೂ ಗುಂಡಗಾಯಿತು. ಕುತ್ತಿಗೆಯ ಕೆಳಗೆ ಮಡಿಕೆ ಬಿತ್ತು. "ಬರುವಾಗ ಹೇಗಿತ್ತು, ಈಗ ಹೇಗಾಯಿತು ನೋಡು" ಎಂದು ಅತ್ತೆ ಹೆಮ್ಮೆಪಟ್ಟರು.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ಮೊಲದ ಮೇಲೆ ಕಡುಕೋಪವಿತ್ತು. ಬೆಳಗಿನ ಹೊತ್ತು ಅದು ಬಗ್ಗಿ ತನ್ನ ಹಿಂಭಾಗಕ್ಕೇ ಬಾಯಿ ಹಾಕಿ ಏನನ್ನೋ ನುಂಗುವುದನ್ನು ಅವರು ಕಂಡುಬಿಟ್ಟರು. ಆ ದಿನ ಮನೆಯಲ್ಲಿ ದೊಡ್ಡ ಗಲಾಟೆ. ಮಡಿಯಲ್ಲಿ ತುಳಸಿಗೆ ನೀರೆರೆಯಲು ಹೊರಟಿದ್ದವರು ತಂಬಿಗೆ ಕೆಳಗಿಟ್ಟು "ಛೀ ಛೀ ಛೀ! ಎಂತ ಅನಾಚಾರ ಮಾರಾಯ್ತಿ ಇದು!" ಎಂದು ಕೂಗಿದರು. ಅಂದಿನಿಂದ ಬೆಳಿಗ್ಗೆ ಅದು ಬಗ್ಗಿದರೆ ಸಾಕು, ಅತ್ತೆ ಚಪ್ಪಾಳೆ ತಟ್ಟುತ್ತಿದ್ದರು. ಮೊಲ ಬೆಚ್ಚಿ ಓಡುತ್ತಿತ್ತು. ಒಳ್ಳೆಯ ಬುದ್ಧಿ ಕಲಿಸುತ್ತಿದ್ದೇನೆ ಎಂದು ಅವರ ನಂಬಿಕೆ. ಈ ಒಂದು ಸಂಗತಿಯಲ್ಲಿ ನನಗೂ ಅವರ ಪಕ್ಷವೇ ಸರಿ ಅನಿಸಿತ್ತು, ಅಲ್ವಾ, ಯಾರಿಗೆ ತಾನೇ ಅನಿಸುವುದಿಲ್ಲ?

ಆಮೇಲೆ ಹಲಸಿನ ಕಾಲ ಬಂತು. ಒಂದು ದಶಮಿಯ ದಿನ ನನ್ನ ಗಂಡ ದೊಡ್ಡದೊಂದು ಹಲಸಿನ ಹಣ್ಣು ಕೊಯ್ದರು. ಹಿಂದಿನ ಜಗಲಿಯಿಡೀ ಪರಿಮಳ. ಮೊಲಕ್ಕೆ ಒಂದು ತೊಳೆ ಸಿಕ್ಕಿತು, ಅದು ತಿಂದ ಚಂದ ನೋಡಿ ಇನ್ನೊಂದು ಸಿಕ್ಕಿತು. ಮಧ್ಯಾಹ್ನ ಹಲಸಿನ ಕಡುಬೂ ಸಿಕ್ಕಿತು. ಸಂಜೆಯ ಹೊತ್ತಿಗೆ ಮೊಲ ಒರಳುಕಲ್ಲಿನ ಹಿಂದೆ ಹೋಗಿ ಕುಳಿತಿತ್ತು. ಕರೆದರೆ ಬರಲಿಲ್ಲ, ಹುಲ್ಲು ಇಟ್ಟರೆ ಮೂಸಲಿಲ್ಲ.

"ಅಜೀರ್ಣ" ಎಂದರು ಅತ್ತೆ, ವೈದ್ಯರ ಗತ್ತಿನಲ್ಲಿ. "ಲಂಘನಂ ಪರಮೌಷಧಂ. ಹೇಗೂ ನಾಳೆ ಏಕಾದಶಿ. ನನ್ನ ಜೊತೆ ಅದೂ ಇರಲಿ. ದ್ವಾದಶಿ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಪಾರಣೆ ಮಾಡುತ್ತೇವೆ." ಮೊಲದ ಎದುರಿಗಿದ್ದ ಹುಲ್ಲು, ಸೊಪ್ಪು ಎಲ್ಲವನ್ನೂ ತೆಗೆದು ಹೊರಗೆ ಹಾಕಿದರು.

ಅತ್ತೆಯ ಏಕಾದಶಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅವಲಕ್ಕಿ, ಹಣ್ಣು, ಹಾಲು ಎಂದು ಹೊಟ್ಟೆ ತುಂಬಿಸಿಕೊಳ್ಳುವ ಉಪವಾಸ ಅವರದ್ದಲ್ಲ. ಆ ದಿನ ಅವರಿಗೆ ತೀರ್ಥ, ನೀರು, ಅಷ್ಟೇ. ಬಾಣಂತನದಲ್ಲಿ ಬಿಟ್ಟರೆ ಮದುವೆಯಾದಂದಿನಿಂದ ತಪ್ಪಿಸಿದವರಲ್ಲ. ಜ್ವರ ಬಂದರೂ ಬಿಟ್ಟಿಲ್ಲ, ಮಗನ ಮದುವೆಯ ಮನೆಯಲ್ಲೂ ಬಿಟ್ಟಿಲ್ಲ. ನಾನು ಉಪವಾಸ ಮಾಡುವವಳಲ್ಲ, ಅದನ್ನು ಅವರು ಎಂದೂ ಕೇಳಿದವರೂ ಅಲ್ಲ. ಆದರೆ ನಾನು ಆ ದಿನ ಊಟ ಮಾಡುವಾಗ ಯಾಕೋ ಅವರ ಕಣ್ಣಿಗೆ ಬೀಳದಂತೆ ಕುಳಿತುಕೊಳ್ಳುತ್ತಿದ್ದೆ.

ಏಕಾದಶಿಯ ಬೆಳಿಗ್ಗೆ ಮೊಲ ಒರಳುಕಲ್ಲಿನ ಹಿಂದೆಯೇ ಇತ್ತು. ಬೆನ್ನು ಗೂನು ಮಾಡಿ, ಕಣ್ಣು ಅರ್ಧ ಮುಚ್ಚಿ, ಹಲ್ಲು ಕಟಕಟ ಕಡಿಯುತ್ತಿತ್ತು. ನೆಲಕ್ಕೆ ಹಾಸಿದ್ದ ಪೇಪರಿನ ಮೇಲೆ ಒಂದೇ ಒಂದು ಹಿಕ್ಕೆಯೂ ಇರಲಿಲ್ಲ. ಹೊಟ್ಟೆ ಮುಟ್ಟಿದರೆ ಹಿಟ್ಟಿನ ಉಂಡೆಯ ಹಾಗೆ ಬಿಗಿ. ನಾನು ಅತ್ತೆಯ ಮೇಲೆ ಹರಿಹಾಯಲು ತಿರುಗಿದೆ. ಆದರೆ ಅವರು ಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ನೆಲದ ಮೇಲೆ ಕುಳಿತುಬಿಟ್ಟಿದ್ದರು.

"ಆ ಹುಡುಗಿಗೆ ನಾನು ಎಂತ ಹೇಳುವುದು? ಮಾತು ಕೊಟ್ಟಿದ್ದೇನೆ ಮಾರಾಯ್ತಿ."

ಫೋನು ಮಾಡಿ ಹೇಳೋಣವೇ ಎಂದೆ. ಬೇಡ, ಅಷ್ಟು ದೂರದಲ್ಲಿ ಕುಳಿತು ಆ ಮಗು ಅಳುವುದು ಬೇಡ ಎಂದರು. ಅಂದು ಭಾನುವಾರ, ದನದ ಆಸ್ಪತ್ರೆಗೆ ಬೀಗ. ನನ್ನ ಗಂಡ ಬೆಳಿಗ್ಗೆಯೇ ಸ್ಕೂಟರ್ ಹತ್ತಿ ಹೆಬ್ರಿಗೆ ನೆಂಟರ ಮನೆಯ ಉಪನಯನದ ತಯಾರಿಗೆ ಹೋಗಿದ್ದರು, ಬೇಕಾದ ಹೊತ್ತಿಗೆ ಗಂಡಸರು ಮನೆಯಲ್ಲಿರುವುದುಂಟೇ. ಹಾಲಿನವನನ್ನು ಕೇಳಿದಾಗ, ಕಾಪುವಿನಲ್ಲಿ ನಿವೃತ್ತರಾದ ದನದ ಡಾಕ್ಟರೊಬ್ಬರಿದ್ದಾರೆ, ಮನೆಯಲ್ಲೇ ಮೊಲ ಸಾಕುತ್ತಾರೆ ಎಂದ. ನಾನು ಹೋಗಿಬರುತ್ತೇನೆಂದು ಬುಟ್ಟಿ ತೆಗೆದೆ. ಅತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದರು.

ಪರ್ಕಳದಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಕಾಪುವಿಗೆ ಸರ್ವಿಸ್ ಬಸ್ಸು. ಬಿದಿರಿನ ಬುಟ್ಟಿಯಲ್ಲಿ ಮೊಲ, ಮೇಲೆ ಅತ್ತೆಯ ಹಳೆಯ ಹತ್ತಿ ಸೀರೆಯ ತುಂಡು. ಬುಟ್ಟಿಯನ್ನು ಅವರು ನನಗೆ ಕೊಡಲೇ ಇಲ್ಲ. ಕಾಪು ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಸೀರೆ ಸರಿಸಿ ಇಣುಕಿ, "ಒಳ್ಳೆ ತೂಕ ಉಂಟು. ಸುಕ್ಕ ಮಾಡಲಿಕ್ಕಾ, ಸಾರಿಗಾ?" ಎಂದು ಬಹಳ ಆತ್ಮೀಯವಾಗಿ ಕೇಳಿದಳು. ನೀರು ಮಾತ್ರ ಕುಡಿದು ಬಸ್ಸು ಹತ್ತಿದ್ದ ಅತ್ತೆ ಬುಟ್ಟಿಯನ್ನು ಎದೆಗೆ ಅವಚಿಕೊಂಡು ಕಿಟಕಿಯ ಕಡೆಗೆ ತಿರುಗಿದರು. ನಗಬಾರದ ಹೊತ್ತಿನಲ್ಲಿ ನನಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ.

ಡಾಕ್ಟರರ ಮನೆ ಲೈಟ್‌ಹೌಸಿನ ಕಡೆ ಹೋಗುವ ದಾರಿಯಲ್ಲಿತ್ತು. ಲುಂಗಿ ಉಟ್ಟು ಅಂಗಳದಲ್ಲಿ ತೆಂಗಿನ ಗಿಡಕ್ಕೆ ನೀರು ಬಿಡುತ್ತಿದ್ದವರು ಕೈ ತೊಳೆದು ಬಂದು ಮೊಲವನ್ನು ಮೇಜಿನ ಮೇಲೆ ಇಟ್ಟುಕೊಂಡರು. ಹೊಟ್ಟೆಗೆ ಸ್ಟೆತೊಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು.

"ಒಳಗೆ ಸದ್ದೇ ಇಲ್ಲ. ಯಾವಾಗಿಂದ ತಿಂದಿಲ್ಲ?"

"ನಿನ್ನೆ ಮಧ್ಯಾಹ್ನದಿಂದ. ನಾನೇ ಲಂಘನ ಹಾಕಿಸಿದೆ ಡಾಕ್ಟ್ರೇ, ಅಜೀರ್ಣ ಅಂತ" ಎಂದರು ಅತ್ತೆ.

"ಅಮ್ಮ, ನಮ್ಮ ಹೊಟ್ಟೆ ಅಂಗಡಿಯ ಹಾಗೆ, ಒಂದು ದಿನ ಬಾಗಿಲು ಹಾಕಿದರೆ ಏನೂ ಆಗುವುದಿಲ್ಲ. ಒಳ್ಳೆಯದೇ. ಇದರದ್ದು ಹಾಗಲ್ಲ. ಇದರ ಹೊಟ್ಟೆ ಯಾವಾಗಲೂ ನಡೆಯುತ್ತಾ ಇರಬೇಕು. ಹಿಂದಿನಿಂದ ನಾರು ಬಂದು ತಳ್ಳಿದರೆ ಮಾತ್ರ ಮುಂದಿನದ್ದು ಹೋಗುವುದು. ನಿಂತಿತೋ, ಗ್ಯಾಸ್ ತುಂಬಿ ನೋವು. ನೋವಿಗೆ ತಿನ್ನುವುದಿಲ್ಲ. ತಿನ್ನದಿದ್ದರೆ ಇನ್ನೂ ನಿಲ್ಲುತ್ತದೆ. ವಾಂತಿ ಮಾಡಲಿಕ್ಕೂ ಇದಕ್ಕೆ ಬರುವುದಿಲ್ಲ. ಮೊಲಕ್ಕೆ ಏಕಾದಶಿ ಇಲ್ಲಮ್ಮ."

ಅತ್ತೆ ಪೂರಾ ಪಟ್ಟಿ ಒಪ್ಪಿಸಿದರು: ಅವಲಕ್ಕಿ, ಅನ್ನ, ಬೆಲ್ಲ, ಬಿಸ್ಕೆಟು, ಹಲಸು. ಒಂದನ್ನೂ ಮುಚ್ಚಿಡಲಿಲ್ಲ. ಗೋಳಿಬಜೆ ಎಂದಾಗ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಅತ್ತೆ ತಗ್ಗಿದ ದನಿಯಲ್ಲಿ ಆ ಅನಾಚಾರದ ವಿಷಯವನ್ನೂ ಹೇಳಿ, ತಾನು ಚಪ್ಪಾಳೆ ತಟ್ಟಿ ಬಿಡಿಸುತ್ತಿದ್ದೇನೆ ಎಂದರು.

"ಅಯ್ಯೋ, ಅದನ್ನು ಬಿಡಿಸಬೇಡಿ! ಅದು ಗಟ್ಟಿ ಹಿಕ್ಕೆ ಅಲ್ಲ, ಮೆತ್ತನೆಯದು ಬೇರೆ. ಒಮ್ಮೆ ತಿಂದದ್ದರಲ್ಲಿ ಉಳಿದ ಸತ್ವವನ್ನು ಎರಡನೇ ಸಲ ತಿಂದು ಪಡೆಯುತ್ತದೆ. ದನ ಮೆಲುಕು ಹಾಕುವುದಿಲ್ಲವಾ? ದನ ಬಾಯಿಯಿಂದ ಮಾಡುವುದನ್ನು ಇದು ಸ್ವಲ್ಪ ಸುತ್ತುಬಳಸಿ ಮಾಡುತ್ತದೆ, ಅಷ್ಟೇ."

ದನ ಬೇರೆ ಮೊಲ ಬೇರೆ ಎಂದಿದ್ದೆನಲ್ಲ, ಹೇಗೆ ಬೇರೆ ಎಂಬುದಕ್ಕೆ ಉತ್ತರ ಸಿಕ್ಕಿತ್ತು. ಆದರೆ ಗೆದ್ದೆ ಎಂದು ಹೇಳಿಕೊಳ್ಳುವ ಮನಸ್ಸು ಆಗ ನನಗಿರಲಿಲ್ಲ.

ಡಾಕ್ಟರು ಮೊಲದ ಚರ್ಮದ ಅಡಿಗೆ ಸೂಜಿಯಿಂದ ನೀರು ಕೊಟ್ಟರು, ನೋವಿಗೂ ಹೊಟ್ಟೆ ನಡೆಸುವುದಕ್ಕೂ ಔಷಧಿ ಕೊಟ್ಟರು. ಸೂಜಿ ಇಲ್ಲದ ಸಿರಿಂಜೊಂದನ್ನು ನನ್ನ ಕೈಗಿಟ್ಟು, ಹಸಿ ಗರಿಕೆ ಅರೆದು ಸ್ವಲ್ಪ ಸ್ವಲ್ಪವೇ ಬಾಯಿಯ ಪಕ್ಕದಿಂದ ಬಿಡಿ, ಹೊಟ್ಟೆ ಮೆಲ್ಲಗೆ ನೀವಿ, ಸುಮ್ಮನೆ ಕೂರಲು ಬಿಡಬೇಡಿ ಎಂದರು. "ನಾವು ಬಾಯಿಗೆ ಬಿಟ್ಟದ್ದು ಸಾಲದು. ಇವತ್ತು ಸಂಜೆಯೊಳಗೆ ಅದು ತಾನಾಗಿಯೇ ಒಂದು ಎಲೆ ತಿನ್ನಬೇಕು. ತಿಂದರೆ ಬದುಕುತ್ತದೆ. ತಿನ್ನದಿದ್ದರೆ ನಾನು ಏನೂ ಹೇಳಲಾರೆ." ಬಾಗಿಲವರೆಗೆ ಬಂದವರು ಇನ್ನೊಂದು ಮಾತು ಸೇರಿಸಿದರು. "ಇದು ಗುಂಪಿನ ಪ್ರಾಣಿ. ಒಂದು ತಿನ್ನುವುದನ್ನು ನೋಡಿ ಇನ್ನೊಂದು ತಿನ್ನುತ್ತದೆ. ನಿಮ್ಮಲ್ಲಿ ಇದು ಯಾರ ಜೊತೆ ತಿನ್ನುತ್ತಿತ್ತು?"

ನಾನು ಅತ್ತೆಯನ್ನು ನೋಡಿದೆ. ಅತ್ತೆ ಬುಟ್ಟಿಯನ್ನು ನೋಡಿದರು.

ಮನೆಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಬಚ್ಚಲ ನೀರು ಹರಿದು ಹೋಗುವಲ್ಲಿ ಕಡುಬೇಸಿಗೆಯಲ್ಲೂ ಗರಿಕೆ ಹಸಿರಾಗಿತ್ತು. ಪ್ರತಿ ಸಂಕಷ್ಟಿಗೆ ಅತ್ತೆ ಗಣಪತಿಗೆ ಕೊಯ್ಯುತ್ತಿದ್ದದ್ದು ಅದೇ ಗರಿಕೆ. ಇಷ್ಟು ದಿನ ಗಣಪತಿಗೆ ಹುಲ್ಲು, ಮೊಲಕ್ಕೆ ಕಡುಬು ಕೊಟ್ಟೆವಲ್ಲ, ಅದಲು ಬದಲು ಆಯಿತು ಎಂದು ನಾನು ಗೊಣಗಿದೆ. ಅತ್ತೆ ನಗಲಿಲ್ಲ. ಬೆಳಿಗ್ಗೆಯಿಂದ ಒಲೆ ಹಚ್ಚದೆ ಬಿಟ್ಟುಹೋಗಿದ್ದ ಅಡುಗೆಮನೆಯಲ್ಲಿ ಅರೆಯುವ ಕಲ್ಲಿನ ಸದ್ದು ಎದ್ದಿತು. ನಾನು ಮೊಲವನ್ನು ಟವೆಲಿನಲ್ಲಿ ಸುತ್ತಿ ಹಿಡಿದೆ, ಅತ್ತೆ ಹಸಿರು ರಸವನ್ನು ತೊಟ್ಟು ತೊಟ್ಟಾಗಿ ಬಿಟ್ಟರು. ಅರ್ಧ ಒಳಗೆ ಹೋಯಿತು, ಅರ್ಧ ನನ್ನ ಸೀರೆಗೆ. ಹೊಟ್ಟೆ ನೀವಿದೆವು, ಅಂಗಳದಲ್ಲಿ ನಡೆಸಿದೆವು, ಮತ್ತೆ ಬಿಟ್ಟೆವು. ಎದುರಿಗೆ ಗರಿಕೆ ಇಟ್ಟರೆ ಮಾತ್ರ ಅದು ಮುಖ ತಿರುಗಿಸುತ್ತಿತ್ತು. ಬಿಸಿಲು ಇಳಿಯತೊಡಗಿತು. ಅತ್ತೆ ಮತ್ತೆ ಮತ್ತೆ ಪಶ್ಚಿಮಕ್ಕೆ ನೋಡುತ್ತಿದ್ದರು.

ನಾನು ಸೀರೆ ಬದಲಿಸಿ ಬರಲು ಒಳಗೆ ಹೋದೆ. ತಿರುಗಿ ಬರುವಾಗ ಹಿಂದಿನ ಜಗಲಿಯ ಬಾಗಿಲಲ್ಲೇ ನಿಂತೆ. ಅತ್ತೆ ದಿನಾ ಊಟಕ್ಕೆ ಕೂರುವ ಜಾಗದಲ್ಲಿ ಮಣೆ ಹಾಕಿ ಕುಳಿತಿದ್ದರು. ಎದುರಿಗೆ ಬಾಳೆ ಎಲೆ, ಪಕ್ಕದಲ್ಲಿ ಹರಿದ ಪುಟ್ಟ ಎಲೆ. ಎರಡರ ಮೇಲೂ ಬಚ್ಚಲ ಬದಿಯಿಂದ ಕಿತ್ತು ತೊಳೆದ ಒಂದೆಲಗ. ತಂಬುಳಿಗೆ ಅವರು ಯಾವಾಗಲೂ ಕೊಯ್ಯುವ ಸೊಪ್ಪು ಅದು. ಮೊಲ ಅವರ ಮೊಣಕಾಲಿನ ಹತ್ತಿರ ಮುದುಡಿತ್ತು.

ಮೊದಲು ಅವರು ಬರಿಬಾಯಿ ಆಡಿಸಿದರು. ಕೈಯನ್ನು ಎಲೆಯಿಂದ ಬಾಯಿಗೆ ಒಯ್ದು, ಏನೂ ಹಾಕದೆ, ಕಚಕಚ ಎಂದು ಸದ್ದು ಮಾಡಿ ಜಗಿದರು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಆಡುವುದು ನನಗೆ ಕೇಳಿಸಿತು. ಮೊಲ ಒಮ್ಮೆ ಕಣ್ಣು ಬಿಟ್ಟು ನೋಡಿ ಮುಚ್ಚಿಕೊಂಡಿತು. ಅತ್ತೆ ಆಮೇಲೆ ಒಂದೆಲಗದ ಒಂದು ಎಲೆ ಎತ್ತಿಕೊಂಡು ದೇವರ ಕೋಣೆಯ ಕಡೆಗೊಮ್ಮೆ ನೋಡಿ, ಬಾಯಿಗೆ ಹಾಕಿ ಜಗಿದು ನುಂಗಿದರು. ಇನ್ನೊಂದು ಹಾಕಿಕೊಂಡರು. "ತಿನ್ನು ಮಗಾ. ನೋಡು, ನಾನೂ ತಿನ್ನುತ್ತಿದ್ದೇನೆ" ಎಂದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಜೀವಮಾನದ ವ್ರತವನ್ನು ಅವರು ಮಗನಿಗಾಗಿ ಬಿಟ್ಟವರಲ್ಲ, ತಮಗಾಗಿ ಬಿಟ್ಟವರಲ್ಲ. ಯಾರೋ ಒಂದು ಹುಡುಗಿ ಇಟ್ಟು ಹೋದ ಮೊಲಕ್ಕಾಗಿ ಹಸಿ ಸೊಪ್ಪು ಜಗಿಯುತ್ತಾ ಕುಳಿತಿದ್ದರು.

ಮೂಗು ಅಲ್ಲಾಡಿತು. ಮೊಲ ಕುತ್ತಿಗೆ ಚಾಚಿ ಪುಟ್ಟ ಎಲೆಯನ್ನು ಬಿಟ್ಟು ಅತ್ತೆಯ ಎಲೆಯ ಅಂಚಿನಿಂದ ಒಂದು ಒಂದೆಲಗವನ್ನು ಎಳೆಯಿತು. ದಂಟು ಬಾಯಿಯೊಳಗೆ ನಿಧಾನಕ್ಕೆ ಸರಿಯಿತು. ಅತ್ತೆ ಉಸಿರು ಬಿಡಲಿಲ್ಲ. ಅದು ಇನ್ನೊಂದು ಎಳೆದಾಗ ಬಾಗಿಲ ಕಡೆ ತಿರುಗದೆಯೇ, "ಅಲ್ಲೇ ನಿಂತಿದ್ದೀಯಲ್ಲ, ಗರಿಕೆ ತಾ" ಎಂದರು. ನಾನು ಓಡಿದೆ. ತಂದುಕೊಡುವಾಗ ಅವರು, "ನೋಡಿದಿಯಲ್ಲ? ನೋಡಿದರೆ ನೋಡು. ದೇವರು ಹೇಗೂ ನೋಡಿ ಆಯಿತು" ಎಂದರು. ಹೆಬ್ರಿಯಿಂದ ಬಂದ ಮಗನಿಗೆ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ದ್ವಾದಶಿಯ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಅತ್ತೆಯ ಕೂಗು. "ಏ, ಎದ್ದು ಬಾ ಮಾರಾಯ್ತಿ! ಹಾಕಿದೆ! ಹಾಕಿದೆ!" ಪೇಪರಿನ ಮೇಲೆ ಕರಿಮೆಣಸಿನ ಕಾಳಿಗಿಂತ ಸಣ್ಣ ಹಿಕ್ಕೆಗಳು, ಕೆಲವು ಕೂದಲಿನ ಎಳೆಗೆ ಪೋಣಿಸಿಕೊಂಡಂತೆ ಅಂಟಿಕೊಂಡಿದ್ದವು. ಅತ್ತೆ ಲಾಟರಿ ಹೊಡೆದವರ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ನನ್ನ ಗಂಡ ಹಲ್ಲುಜ್ಜುತ್ತಲೇ ಬಂದು ನೋಡಿ, ಇದಕ್ಕಾ ಇಷ್ಟು ಗಲಾಟೆ ಎಂದರು. ಇಬ್ಬರೂ ಸೇರಿ ಅವರನ್ನು ಬೈದೆವು. ಅತ್ತೆ ಸೊಸೆ ಒಂದೇ ಪಕ್ಷದಲ್ಲಿ ನಿಂತದ್ದು ಕಂಡು ಅವರು ಬಾಯಿ ತುಂಬ ನೊರೆ ಇಟ್ಟುಕೊಂಡೇ ಹಿಂದೆ ಸರಿದರು.

ಆ ಮೇಲೆ ನಮ್ಮ ಮನೆಯ ಕಾನೂನೇ ಬದಲಾಯಿತು. ಬೈಹುಲ್ಲು ಕಾರ್ಕಳದಿಂದ ಬಂತು, ನನ್ನ ತಮ್ಮ ಒಂದು ಕಟ್ಟನ್ನು ಬಸ್ಸಿನ ಮೇಲೆ ಹಾಕಿ ಕಳಿಸಿದ. ಗರಿಕೆ, ಬೈಹುಲ್ಲು, ಒಂದೆಲಗ, ನೀರು. ಹಣ್ಣು ಎಂದರೆ ಅಪರೂಪಕ್ಕೆ ಬೆರಳ ತುದಿಯಷ್ಟು. ಬಂದವರು ಮೊಲಕ್ಕೆ ಬಿಸ್ಕೆಟು ಚಾಚಿದರೆ ಅತ್ತೆ ಕೈಗೇ ಹೊಡೆಯುತ್ತಿದ್ದರು. "ಅದರ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ" ಎಂದು ನನ್ನ ಮಾತನ್ನೇ ನನ್ನೆದುರೇ, ತಮ್ಮದೇ ಮಾತಿನ ಹಾಗೆ ಹೇಳುತ್ತಿದ್ದರು. ಬೆಳಿಗ್ಗೆ ಪೇಪರಿನ ಮೇಲೆ ಗುಂಡನೆಯ, ಒಣಗಿದ, ಒಂದೇ ಅಳತೆಯ ಹಿಕ್ಕೆ ಕಂಡರೆ ಅವರಿಗೆ ಕಾಫಿ ರುಚಿಸುತ್ತಿತ್ತು. ಇನ್ನು ಆ ಅನಾಚಾರದ ಹೊತ್ತಿಗೆ ಮಾತ್ರ ಅವರು ಮುಖವನ್ನು ತುಳಸಿಕಟ್ಟೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರು. ನಾನು ಆ ಕಡೆ ಹೋಗಹೊರಟರೆ, "ತಡಿ, ಅದು ಊಟಕ್ಕೆ ಕುಳಿತಿದೆ" ಎಂದು ತಡೆಯುತ್ತಿದ್ದರು.

ರಜೆ ಮುಗಿಸಿ ಹುಡುಗಿ ಬಂದಳು. ಚೀಲವನ್ನು ಮೆಟ್ಟಿಲಲ್ಲೇ ಬಿಟ್ಟು ಹಿಂದಿನ ಜಗಲಿಗೆ ಓಡಿದಳು. ಮೊಲವನ್ನು ಎತ್ತಿಕೊಂಡು ಹೊಟ್ಟೆ ಮುಟ್ಟಿ, ಕಿವಿ ಮುಟ್ಟಿ, "ಅಜ್ಜಿ, ಮೈ ಕೈ ಎಷ್ಟ್ ಗಟ್ಟಿ ಆಗ್ಯದಲ್ರಿ! ಏನ್ ಹಾಕಿದ್ರಿ ಇದಕ್ಕ?" ಎಂದಳು.

"ಹುಲ್ಲು" ಎಂದರು ಅತ್ತೆ. ಹಾಗೆಂದು ನನ್ನ ಕಡೆ ಒಮ್ಮೆ ನೋಡಿದರು. ನಾನು ಚಟ್ನಿಗೆ ತೆಂಗಿನಕಾಯಿ ತುರಿಯುವುದರಲ್ಲಿ ಬಹಳ ಮಗ್ನಳಾಗಿದ್ದೆ. ಕೊಟ್ಟ ಮಾತು ಉಳಿದಿತ್ತು, ಮಿಕ್ಕದ್ದು ಯಾರಿಗೆ ಬೇಕು?

ಆ ಹುಡುಗಿ ಓದು ಮುಗಿಸಿ ಹೊರಡುವವರೆಗೂ ಮೊಲದ ಹಗಲು ಕೆಳಗೆ, ಸಂಜೆ ಮೇಲೆ. ಕೊನೆಗೆ ಹೋಗುವ ದಿನ ಅವಳು ಅದನ್ನು ಅತ್ತೆಯ ಮಡಿಲಿಗೆ ಹಾಕಿ, "ಇದು ಇನ್ನ ನಮ್ಮೂರಿಗೆ ಬರೂದಿಲ್ರಿ ಅಜ್ಜಿ. ತುಳು ಕಲ್ತದ" ಎಂದಳು. ಅದು ಇನ್ನೂ ಕೆಲವು ವರ್ಷ ಬಾಳಿತು. ವಯಸ್ಸಾಗಿ ಹೋಯಿತು, ಹೋಗುವ ದಿನ ಬೆಳಿಗ್ಗೆಯೂ ಗರಿಕೆ ತಿಂದಿತ್ತು. ಒಂದೆಲಗ ಬೆಳೆಯುವ ಜಾಗದ ಪಕ್ಕದಲ್ಲೇ ಮಣ್ಣು ಮಾಡಿದೆವು. ಅತ್ತೆ ಎರಡು ದಿನ ಕನ್ನಡ ಮಾತಾಡಲಿಲ್ಲ.

ಆ ದಶಕದ ಕೊನೆಯ ಹೊತ್ತಿಗೆ ನಮ್ಮ ಕಡೆ ಕೀಲು ಹಿಡಿಯುವ ಜ್ವರ ಮನೆಮನೆಗೂ ಬಂತು. ಅತ್ತೆಯನ್ನೂ ಬಿಡಲಿಲ್ಲ. ಜ್ವರ ಇಳಿಯಿತು, ಆದರೆ ಊಟ ಸೇರಲಿಲ್ಲ. "ಲಂಘನಂ ಪರಮೌಷಧಂ" ಎಂದು ತಟ್ಟೆ ದೂಡಿದರು. ಡಾಕ್ಟರು ಗದರಿದರು, ಮಗ ಬೇಡಿಕೊಂಡರು, ನಾನು ಜಗಳವಾಡಿದೆ. ಮೊದಲಾದರೆ ತಿರುಗಿ ಜಗಳವಾಡುತ್ತಿದ್ದವರು ಈಗ ಸುಮ್ಮನೆ ಗೋಡೆಯ ಕಡೆ ಹೊರಳುತ್ತಿದ್ದರು. ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ನನಗೆ ಭಯವಾಯಿತು. ಈ ಮುದುಕಿ ಇಲ್ಲದ ಮನೆಯನ್ನು ನಾನು ಯೋಚಿಸಲಾರದವಳಾಗಿದ್ದೆ.

ಒಂದು ಮಧ್ಯಾಹ್ನ ನಾನು ಅವರಿಗೆ ಏನನ್ನೂ ತರಲಿಲ್ಲ. ಅವರ ಮಂಚದ ಪಕ್ಕ ನೆಲದಲ್ಲಿ ಮಣೆ ಹಾಕಿ, ಬಾಳೆ ಎಲೆಯಲ್ಲಿ ನನಗೆ ಮಾತ್ರ ಕುಚ್ಚಲಕ್ಕಿ ಅನ್ನ, ತಂಬುಳಿ ಬಡಿಸಿಕೊಂಡು ಕುಳಿತೆ. ಎಲೆಯ ತುದಿ ಹರಿದು ಪಕ್ಕಕ್ಕಿಟ್ಟೆ. ಅದರಲ್ಲಿ ಒಂದು ತುತ್ತು. ಆಮೇಲೆ ಸೊರಸೊರ ಸದ್ದು ಮಾಡುತ್ತಾ ಉಣ್ಣತೊಡಗಿದೆ.

ಬಹಳ ಹೊತ್ತಿನ ಮೇಲೆ ಮಂಚ ಕಿರುಗುಟ್ಟಿತು.

"ನನಗೆ ಬೇಡ ಅಂದೆನಲ್ಲ."

"ನಿಮಗೆ ಯಾರು ಕೊಟ್ಟರು? ನಾನು ನನ್ನ ಊಟ ಮಾಡುತ್ತಿದ್ದೇನೆ."

ಅತ್ತೆ ಪುಟ್ಟ ಎಲೆಯನ್ನು ನೋಡಿದರು, ಆಮೇಲೆ ನನ್ನನ್ನು. "ನಾನು ಎಂತ ಮೊಲವಾ?" ಎಂದರು. ನಾನು ತಲೆ ತಗ್ಗಿಸಿ ಇನ್ನೊಂದು ತುತ್ತು 'ಸೊರ್' ಎಂದು ಎಳೆದೆ.

"ಯಾವ ಸೊಪ್ಪಿನ ತಂಬುಳಿ?"

"ಒಂದೆಲಗದ್ದು."

ಮೇಲಿನಿಂದ ಒಂದು ಕೈ ಇಳಿದು ಬಂತು. ಸಡಿಲ ಬಳೆ, ನರ ಎದ್ದ ಬೆರಳು. ಪುಟ್ಟ ಎಲೆಯನ್ನು ಬಿಟ್ಟು ನನ್ನ ಎಲೆಯ ಅಂಚಿನಿಂದ ತುತ್ತು ತೆಗೆದುಕೊಂಡಿತು. ಅವರು ನಿಧಾನಕ್ಕೆ ಜಗಿದರು, ನುಂಗಿದರು. ನಾನು ಉಸಿರು ಬಿಡಲಿಲ್ಲ.

"ಉಪ್ಪು ಕಡಿಮೆಯಾಯಿತು" ಎಂದರು ಅತ್ತೆ, ಮತ್ತೆ ಕೈ ಚಾಚಿದರು.